ಅಪ್ಪನ ಪಾತ್ರಕ್ಕೆ ಮೀಸೆ ಹಚ್ಚುವವರು ಯಾರು

ನಮ್ಮ ನಾಟಕದಲ್ಲಿ ಅವ್ವನ ಪಾತ್ರ ಯಾರಿಗೆ ಬೇಕು ಎಂದು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಕೈ ಎತ್ತಿದರು. ಅಪ್ಪನ ಪಾತ್ರ ಯಾರಿಗೆ ಎಂದಾಗ ಒಬ್ಬಳು ನೀರು ಕುಡಿಯಲು ಎದ್ದು ಹೋದಳು, ಇನ್ನೊಬ್ಬಳಿಗೆ ಇದ್ದಕ್ಕಿದ್ದಂತೆ ಫೋನ್ ಬಂತು, ಮತ್ತೊಬ್ಬಳು ಕಿಟಕಿಯಾಚೆ ಹೋಗುತ್ತಿದ್ದ ಗೂಡ್ಸ್ ಗಾಡಿಯನ್ನು ಜನ್ಮದಲ್ಲೇ ನೋಡದವಳಂತೆ ನೋಡತೊಡಗಿದಳು. ನಾಟಕ ಬರೆದವಳು ನಾನು, ಆಡಿಸಬೇಕಾದವಳೂ ನಾನೇ. ಬರೆಯುವಾಗ ಈ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಡ್ಡ ಮೀಸೆ ಕಿತ್ತು ಕಿತ್ತು ಗಲ್ಲ ಉರಿಸಿಕೊಂಡ ಹೆಂಗಸರ ಗುಂಪಿಗೆ ನಾನು ಮೀಸೆಯ ಪಾತ್ರ ಬರೆದಿದ್ದೆ! ಅದೂ ಸಣ್ಣ ಪಾತ್ರವಲ್ಲ, ಅಪ್ಪನಿಲ್ಲದಿದ್ದರೆ ನಾಟಕವೇ ಇಲ್ಲ.

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗೆ ನಮ್ಮ ಸಂಘದ್ದೊಂದು ಬಾಡಿಗೆ ಕೋಣೆ. ಬರುವವರಲ್ಲಿ ಹೆಚ್ಚಿನವರು ನನ್ನಂಥವರೇ, ಊರು ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬದುಕು ಕಟ್ಟಿಕೊಂಡವರು. ಹುಡುಗರನ್ನೇ ಪ್ರೀತಿಸುವ ಹುಡುಗರೂ ಕೆಲವರು ಬರುತ್ತಾರೆ, ಕೂತು ಚಹಾ ಕುಡಿಯುತ್ತಾರೆ, ಆದರೆ ಊರ ಮುಂದೆ ವೇದಿಕೆ ಹತ್ತು ಎಂದರೆ ಮನೆಯವರ ಭಯಕ್ಕೆ ಬೆವರುತ್ತಾರೆ. ನಾನು ಅಲ್ಲಿ ಆಪ್ತ ಸಮಾಲೋಚಕಿ. ವಾರಕ್ಕೊಮ್ಮೆ ಎಲ್ಲರನ್ನೂ ಸುತ್ತ ಕೂರಿಸಿ ಮನಸ್ಸಿನ ಮಾತು ಆಡಿಸುವುದು ನನ್ನ ಕೆಲಸ. ಚೆನ್ನಾಗಿಯೇ ಮಾಡುತ್ತಿದ್ದೆ, ಆದರೆ ಒಂದು ಸಂಗತಿ ಕಾಡುತ್ತಿತ್ತು. ಕಷ್ಟ ಹೇಳಿಕೊಂಡವರು ಅತ್ತು ಹಗುರಾಗುವ ಬದಲು ಇನ್ನೊಬ್ಬರ ಕಷ್ಟವನ್ನೂ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ನನಗಂತೂ ಮರುದಿನ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ.

ಒಂದು ವಾರ ನಮ್ಮ ಹಿರಿಯಕ್ಕ, ಅಂದರೆ ನಮ್ಮೆಲ್ಲರನ್ನೂ ಮನೆಯಲ್ಲಿ ಇಟ್ಟುಕೊಂಡು ಸಾಕಿದಾಕೆ, ಭೂತನಾಳದಿಂದ ಪೇಟಿ ಮಾಸ್ತರರನ್ನು ಕರೆತಂದಳು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಮಾಸ್ತರರು ಸಣ್ಣಾಟದ ಮೇಳಗಳಲ್ಲಿ ಪೇಟಿ ನುಡಿಸಿ ಕೂದಲು ಬೆಳ್ಳಗಾದವರು, ಬಾಯಲ್ಲಿ ಸದಾ ಎಲೆ ಅಡಿಕೆ. ಅವರು ನುಡಿಸಿದರು, ನಾವು ಹಾಡಿದೆವು, ಹಾಡುತ್ತ ಹಾಡುತ್ತ ಕುಣಿದೆವು. ಮರುದಿನ ಬೆಳಿಗ್ಗೆ ಮೂವರು ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಮಾತು ಹೇಳಿದರು: "ಅಕ್ಕಾ, ನಿನ್ನೆ ಎಂಥಾ ನಿದ್ದಿ ಬಂತ ಬೇ!" ಆಗಲೇ ನಾನು ನಿಶ್ಚಯ ಮಾಡಿದೆ, ನಾಟಕ ಕಟ್ಟುವುದೇ ಸರಿ ಎಂದು.

ಕಥೆ ಸರಳ. ಹೊಲದ ಮನೆಯೊಂದರಲ್ಲಿ ಮಗ ಅವ್ವನ ಇಳಕಲ್ ಸೀರೆ ಉಟ್ಟುಕೊಳ್ಳುತ್ತಾನೆ, ಅಪ್ಪ ನೋಡುತ್ತಾನೆ, ಮನೆಯಿಂದ ಹೊರಗೆ ಹಾಕುತ್ತಾನೆ. ಮಗ ಪಟ್ಟಣಕ್ಕೆ ಹೋಗಿ ಮಗಳಾಗುತ್ತಾಳೆ. ಕೊನೆಗೆ ಅಪ್ಪನೇ ಹುಡುಕಿಕೊಂಡು ಅವಳ ಬಾಗಿಲಿಗೆ ಬಂದು ಮನೆಗೆ ಕರೆಯುತ್ತಾನೆ. ಮೊದಲ ಪ್ರದರ್ಶನ ಟಿಕೋಟಾದಲ್ಲಿ, ಎರಡನೆಯದು ಬಬಲೇಶ್ವರದಲ್ಲಿ ಎಂದು ಗೊತ್ತುಮಾಡಿ, ಸಭಾಭವನ ಕೇಳಿ, ಮೈಕಿಗೆ ಪೊಲೀಸರ ಪರವಾನಿಗೆ ತೆಗೆದುಕೊಂಡು, ಹ್ಯಾಂಡ್‌ಬಿಲ್ ಹಂಚಲೂ ಶುರುಮಾಡಿದ್ದೆವು. ಅವ್ವನ ಪಾತ್ರವನ್ನು ಜಗಳ ಬಿಡಿಸಿ ಹಿರಿಯಕ್ಕನಿಗೆ ಕೊಟ್ಟೆ. ಮಗಳ ಪಾತ್ರಕ್ಕೆ ಅರಕೇರಿಯ ಹುಡುಗಿ, ಒಳ್ಳೆ ಕಂಠ, ಅತ್ತರೆ ನೋಡುವವರೂ ಅಳಬೇಕು ಅಂಥವಳು. ಅಪ್ಪ ಮಾತ್ರ ಇಲ್ಲ.

ಮೊದಲಿಗೆ ಅಪ್ಪನನ್ನು ಪರದೆಯ ಹಿಂದಿನ ದನಿಯಾಗಿ ಮಾಡಿದೆ. ಪೇಟಿ ಮಾಸ್ತರರೇ ಹಿಂದೆ ಕೂತು ಮಾತಾಡಿದರು. ಬಾಯಿ ತುಂಬ ಎಲೆ ರಸ, "ಹೊರಗ ನಡಿ" ಎಂಬುದು ಬೇರೆ ಏನೋ ಆಗಿ ಕೇಳಿ, ಅರಕೇರಿಯ ಹುಡುಗಿ ಅಳಬೇಕಾದಲ್ಲಿ ನಕ್ಕು ನೆಲಕ್ಕೆ ಕೂತಳು. ಮಾಸ್ತರರಿಗೆ ಸಿಟ್ಟು ಬಂತು.

"ನಾ ಪೇಟಿ ಬಾರಸಾಕ ಬಂದೇನಿ, ಆಕಾಶವಾಣಿ ಆಗಾಕ ಬಂದಿಲ್ಲ," ಎಂದರು.

ಆಮೇಲೆ ಹೊರಗಿನವರೊಬ್ಬರನ್ನು ಕರೆತಂದೆವು, ಹಳ್ಳಿ ನಾಟಕಗಳಲ್ಲಿ ಖಳನಾಯಕನೆಂದು ಹೆಸರು ಮಾಡಿದ ನಟ. ಮನುಷ್ಯ ಒಳ್ಳೆಯವನು, ನಮ್ಮ ಜೊತೆ ಒಂದೇ ತಟ್ಟೆಯಲ್ಲಿ ಚುರಮುರಿ ತಿಂದ. ಆದರೆ ತಾಲೀಮಿಗೆ ನಿಂತಾಗ ಹುರುಪಿಗೆ ಬಿದ್ದು ನಾನು ಬರೆಯದ ಬೈಗುಳಗಳನ್ನೂ ಸೇರಿಸಿ ಗುಡುಗಿಬಿಟ್ಟ. ಅವೆಲ್ಲ ನಾವು ನಮ್ಮ ನಮ್ಮ ಮನೆಗಳಲ್ಲಿ ಕೇಳಿ ಬಂದ ಬೈಗುಳಗಳೇ. ಅರಕೇರಿಯ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ. ನಾಟಕ ಮಾಡುತ್ತಿದ್ದುದೇ ಇಂಥ ಗಾಯ ಮಾಯಲೆಂದು, ನಾನೇ ಅದನ್ನು ಕೆರೆದಂತಾಗಿತ್ತು. ನಟನಿಗೆ ಕೈಮುಗಿದು ಕಳಿಸಿಕೊಟ್ಟೆ.

ಉಳಿದವಳು ನಾನು. ಬರೆದವಳೇ ಹಚ್ಚಿಕೊಳ್ಳಲಿ ಎಂದು ಮನಸ್ಸು ಗಟ್ಟಿ ಮಾಡಿ ಧೋತರ ಉಟ್ಟೆ, ಬಾಡಿಗೆಗೆ ತಂದ ವೇಷದ ಪೆಟ್ಟಿಗೆಯಲ್ಲಿದ್ದ ಕೂದಲ ಮೀಸೆ ಅಂಟಿಸಿಕೊಂಡು ಕನ್ನಡಿ ನೋಡಿದೆ. ನೋಡಿದ್ದೇ ತಪ್ಪಾಯಿತು. ಅಲ್ಲಿ ನಮ್ಮಪ್ಪ ನಿಂತಿದ್ದ, ಅವನ ಹಿಂದೆ ಯಾವತ್ತೋ ನಾನು ಬಿಟ್ಟು ಬಂದ ಆ ಹುಡುಗನೂ ನಿಂತಿದ್ದ. ಬಚ್ಚಲಿಗೆ ಓಡಿದೆ. ವಾಪಸ್ ಬಂದು "ಏನೂ ಆಗಿಲ್ಲ, ಮುಂದ ನಡೀಲಿ" ಎಂದೆ. ಯಾರೂ ನಂಬಲಿಲ್ಲ.

ಅದೇ ಹೊತ್ತಿಗೆ ನಾಟಕದ ಹೊಸ ಪ್ರತಿಗಳನ್ನು ಹಿಡಿದುಕೊಂಡು ಟಿಕೋಟಾದ ಡಿಟಿಪಿ ಅಂಗಡಿಯವನು ಬಂದಿದ್ದ. ನನ್ನ ಕೆಟ್ಟ ಅಕ್ಷರ ಓದಿ ನಾಟಕ ಟೈಪ್ ಮಾಡಿಕೊಟ್ಟವನು ಅವನೇ. ಈಗ 'ಅವನು' ಎನ್ನುತ್ತಿದ್ದೇನೆ. ಆಗ ನಾವೆಲ್ಲ ಅವನನ್ನು 'ತಂಗಿ' ಎನ್ನುತ್ತಿದ್ದೆವು. ಉದ್ದ ಜಡೆ, ಚೂಡಿದಾರದ ಮೇಲೆ ಗಂಡಸರ ಅಂಗಿ, ಜೇಬಿನಲ್ಲಿ ಪೆನ್ನು. ಮಾತು ಕಮ್ಮಿ. ಬಾಗಿಲ ಬಳಿ ನಿಂತು ನನ್ನ ಮೀಸೆಯನ್ನೇ ನೋಡುತ್ತಿದ್ದ.

"ಅಕ್ಕಾರ, ಆ ಪಾರ್ಟು ನಾ ಮಾಡ್ಲೇನ್ರಿ? ಟೈಪ್ ಮಾಡೂ ಮುಂದ ಮಾತೆಲ್ಲಾ ಬಾಯಿಗೆ ಬಂದಾವು."

ಕೋಣೆಗೆ ಕೋಣೆಯೇ ಘೊಳ್ ಎಂದು ನಕ್ಕಿತು. "ಅಯ್ಯ, ಹುಡುಗಿ ಮೀಸಿ ಹಚ್ಕೋತಾಳಂತ!" ಎಂದು ಒಬ್ಬಳು ಇನ್ನೊಬ್ಬಳ ತೊಡೆಗೆ ಹೊಡೆದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬಾಯಿ ಮುಚ್ಚರೇ! ನಮ್ಮನ್ನ ನೋಡಿ ಊರು ನಗತೈತಿ, ಈಗ ನಾವು ಇನ್ನೊಬ್ಬರನ್ನ ನೋಡಿ ನಗೂದೇನು? ನಾಚಿಕಿ ಐತೇನು ನಿಮಗ?"

ನಗು ನಿಂತಿತು. ಹಿರಿಯಕ್ಕ ಎದ್ದು ಅವನ ಹತ್ತಿರ ಹೋದಳು, ಮುಖವನ್ನು ಬಹಳ ಹೊತ್ತು ನೋಡಿದಳು. ನನ್ನನ್ನೂ ಮೊದಲ ದಿನ ಅವಳು ಹಾಗೆಯೇ ನೋಡಿದ್ದಳು.

"ನಿನ್ನ ಏನಂತ ಕರೀಬೇಕಪ್ಪಾ ನಾವು?"

"ತಮ್ಮಾ ಅನ್ರಿ," ಎಂದ.

"ಬಾ ತಮ್ಮಾ, ಒಳಗ ಬಾ. ಬಾಗಲದಾಗ ಯಾಕ ನಿಂತಿ?" ಎಂದು ಕೈ ಹಿಡಿದು ಕೂರಿಸಿದಳು.

ಅಲ್ಲಿಂದ ಮುಂದಿನ ತಾಲೀಮುಗಳನ್ನು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ. ಅವನಿಗೆ ನಡಿಗೆ ಕಲಿಸಬೇಕಿತ್ತು. ಕಲಿಸಿದವರು ಯಾರು ಅಂತೀರಿ? ನಾವೇ! ಚಿಕ್ಕಂದಿನಲ್ಲಿ "ಗಂಡಸರ ಹಂಗ ನಡಿ, ಕೈ ಹಂಗ ಬೀಸಬ್ಯಾಡ, ಕಾಲು ಅಗಲ ಮಾಡಿ ಕುಂದ್ರು" ಎಂದು ಹೊಡೆದು ಹೊಡೆದು ನಮಗೆ ಕಲಿಸಿದ್ದರಲ್ಲ, ಒಂದೂ ಮರೆತಿರಲಿಲ್ಲ. ಒಬ್ಬೊಬ್ಬಳೂ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಿಂಗ ನಡಿಯೋ, ಎದಿ ಮುಂದ, ಹೆಜ್ಜಿ ಭಾರ ಇಡು" ಎಂದು ತೋರಿಸಿದಳು. ತೋರಿಸುತ್ತ ತೋರಿಸುತ್ತ ನಕ್ಕು ನಕ್ಕು ಸುಸ್ತಾದರು. ನಾವು ಬೇಡ ಬೇಡವೆಂದು ಅತ್ತ ಪಾಠ ಬೇಕೆಂದವನಿಗೆ ಕೊಟ್ಟು ಕೈತೊಳೆದುಕೊಂಡೆವು. ಅವನು ಮರುವಾರ ಒಂದು ಡಬ್ಬಿ ತಂದು ಅರಕೇರಿಯ ಹುಡುಗಿಯ ಮುಂದಿಟ್ಟ. ಅವನ ಅವ್ವ ಹಬ್ಬ ಹಬ್ಬಕ್ಕೆ ಕೊಡಿಸಿದ ಬಳೆ, ಕಾಲ್ಗೆಜ್ಜೆ, ಝುಮಕಿ, ಒಂದನ್ನೂ ಮುಟ್ಟಿರಲಿಲ್ಲ. ಹುಡುಗಿ ಅಲ್ಲೇ ಹಾಕಿಕೊಂಡು ಕುಣಿದಳು.

ಮೀಸೆ ಅಂಟಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಮೇಲ್ತುಟಿಯ ಬೆವರು ಎಣ್ಣೆ ಒರೆಸಬೇಕು, ಗಮ್ ತೆಳ್ಳಗೆ ಹಚ್ಚಿ ಆರುವ ತನಕ ಬಾಯಿ ಅಲ್ಲಾಡಿಸಬಾರದು, ಆಮೇಲೆ ಮೀಸೆ ಇಟ್ಟು ಹಸಿ ಬಟ್ಟೆಯಿಂದ ಒತ್ತಬೇಕು. ಮೊದಲ ಸಲ ಒತ್ತಿ ಕೈ ತೆಗೆದು ಕನ್ನಡಿ ಹಿಡಿದೆ. ಅವನು ಉಸಿರಾಡುವುದನ್ನೇ ಮರೆತ. ಆ ದಿನ ತಾಲೀಮು ಮುಗಿದ ಮೇಲೆ ಮೀಸೆ ಬಿಚ್ಚಲು ಅವನು ಎಷ್ಟು ಹೊತ್ತು ಮಾಡಿದನೆಂದರೆ ಮಾಸ್ತರರು "ಬಸ್ಸು ಹೊಂಟೀತು ತಮ್ಮಾ" ಎಂದು ಕೂಗಬೇಕಾಯಿತು. ನನಗೆ ಕನ್ನಡಿ ಕೊಟ್ಟ ಹೆದರಿಕೆಯೂ ಅವನಿಗೆ ಅದೇ ಕನ್ನಡಿ ಕೊಟ್ಟ ಸಂತೋಷವೂ ಒಂದೇ ಮೀಸೆಯಿಂದ ಬಂದದ್ದು ಎಂಬುದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು.

ಟಿಕೋಟಾದ ಪ್ರದರ್ಶನ ಗೆದ್ದಿತು. ಗೆದ್ದಿತು ಅಂದರೆ ಹೆಂಗೆ, ಸಿಳ್ಳೆ ಏನು, ಚಪ್ಪಾಳೆ ಏನು! ಅಪ್ಪ ಬೈದಾಗ ಜನ ಸಿಟ್ಟಾದರು, ಒಳಗೆ ಹೋಗಿ ಒಬ್ಬನೇ ಅತ್ತಾಗ ಮರುಗಿದರು. ನಮ್ಮವನು ಬೈಗುಳದ ಹಿಂದಿನ ಹೆದರಿಕೆಯನ್ನು ತೋರಿಸಿದ್ದ, ಹೊರಗಿನಿಂದ ಬಂದ ಆ ನಟನಿಗೆ ಸಿಗದೇ ಹೋದದ್ದು ಅದೇ. ವಾಪಸ್ ಬರುವಾಗ ಟಂಟಂ ಗಾಡಿಯಲ್ಲಿ ಎಲ್ಲರೂ ಹಾಡುತ್ತಿದ್ದೆವು, ಅವನೊಬ್ಬ ನನ್ನ ಪಕ್ಕಕ್ಕೆ ಸರಿದ.

"ಅಕ್ಕಾರ, ಬಬಲೇಶ್ವರದಾಗ ನನ್ನ ಕಡಿಂದ ಆಗೂದಿಲ್ರಿ," ಎಂದ. "ಅದು ನಮ್ಮೂರ. ಅವ್ವ ಅಲ್ಲೇ ಅಂಗನವಾಡ್ಯಾಗ ಕೆಲಸ ಮಾಡ್ತಾಳ. ಆಕಿಗೆ ನಾಟಕದ ಪರದಿ ಎಳಿಯಾಕ ಹೊಂಟೇನಂತ ಹೇಳೇನಿ. ಅಪ್ಪ ಸತ್ತ ಮ್ಯಾಲೆ ಆಕಿಗೆ ನಾನೊಬ್ಬನ. ಮನಿ ಬಾಗಲ ಹಾಕಿದ್ಲಂದ್ರ ನಾ ಎಲ್ಲಿ ಹೋಗ್ಲಿ?"

ನನ್ನ ಕೆಲಸದಲ್ಲಿ ಒಂದು ನಿಯಮ ಇದೆ. ಯಾರ ಗುಟ್ಟನ್ನೂ ಅವರ ಪರವಾಗಿ ನಾವು ಬಿಚ್ಚಬಾರದು, ಬಿಚ್ಚು ಎಂದು ಒತ್ತಾಯವನ್ನೂ ಮಾಡಬಾರದು. ಹಾಗಾಗಿ ಅವನ ಅವ್ವನ ಹತ್ತಿರ ಹೋಗಿ ಮಾತಾಡುವ ಆಸೆಯನ್ನು ನುಂಗಿಕೊಂಡೆ. "ನೀ ಪರದಿ ಎಳಿ ತಮ್ಮಾ, ಅಲ್ಲಿ ಮೀಸಿ ನಾ ಹಚ್ಕೋತೇನಿ" ಎಂದೆ. ಹೇಳಿದ್ದೇನೋ ಧೈರ್ಯದಿಂದ. ಆಮೇಲೆ ಬಬಲೇಶ್ವರದ ದಿನ ಬರುವ ತನಕ ನನಗೆ ಊಟ ಸೇರಲಿಲ್ಲ.

ಬಬಲೇಶ್ವರದಲ್ಲಿ ಬಿಸಿಲು ಇಳಿಯುವ ಹೊತ್ತಿಗೇ ಸಭಾಭವನ ತುಂಬಿತು. ಮುಂದಿನ ಸಾಲಿನಲ್ಲಿ ಅಂಗನವಾಡಿಯ ಹೆಂಗಸರು ಗುಂಪಾಗಿ ಕೂತಿದ್ದರು. ಅವರ ನಡುವೆ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡ ಸಣಕಲು ಹೆಂಗಸನ್ನು ಪರದೆಯ ಸಂದಿಯಿಂದ ತೋರಿಸಿ, "ಆಕೀನ ನಮ್ಮವ್ವ" ಎಂದ. ಹಿಂದಿನ ಕೋಣೆಯಲ್ಲಿ ನಾನು ಧೋತರ ಉಟ್ಟು ಕನ್ನಡಿಯ ಮುಂದೆ ಕೂತೆ. ಗಮ್ ಹಚ್ಚಿಕೊಂಡೆ. ಮೀಸೆ ಎತ್ತಿದೆ, ಕೆಳಗಿಟ್ಟೆ, ಮತ್ತೆ ಎತ್ತಿದೆ. ಮೂತಿಯ ಮೇಲೆ ಇಡುವುದಕ್ಕೇ ಬರುತ್ತಿಲ್ಲ. ಕಣ್ಣು ಮುಚ್ಚಿ ಇಡೋಣವೆಂದು ಮುಚ್ಚಿದೆ. ಯಾರೋ ನನ್ನ ಬೆರಳುಗಳಿಂದ ಮೀಸೆಯನ್ನು ಮೆಲ್ಲಗೆ ಬಿಡಿಸಿಕೊಂಡರು. ಕಣ್ಣು ಬಿಟ್ಟರೆ ಅವನು.

"ಕೊಡ್ರಿ ಅಕ್ಕಾರ. ಇದು ನಿಮ್ಮದಲ್ಲ."

"ನಿಮ್ಮವ್ವ ಕುಂತಾಳೋ ಹೊರಗ!"

"ಕುಂತಾಳ್ರಿ. ನೀವು ಹಿಂಗ ಒದ್ದಾಡೂದು ನೋಡಿ ನಾ ಪರದಿ ಎಳಕೋತ ನಿಂದ್ರಲೇನು? ಧೋತರಾ ಬಿಚ್ಚಿ ಕೊಡ್ರಿ, ಪದ ಸುರು ಆತು."

ಮಾಸ್ತರರು ಆಗಲೇ ಪೇಟಿ ಎತ್ತಿದ್ದರು. ಗಡಿಬಿಡಿಯಲ್ಲಿ ಜಡೆಯನ್ನು ಸುತ್ತಿ ಪಿನ್ನು ಚುಚ್ಚಿ, ಅದರ ಮೇಲೆ ಪೆಟ್ಟಿಗೆಯಲ್ಲಿದ್ದ ಹೊಲಿದ ಪಟಗಾ, ಅಂದರೆ ರುಮಾಲು, ಕೂರಿಸಿದೆವು. ಟಿಕೋಟಾದಲ್ಲಿ ಅದರೊಳಗೆ ಅರಿವೆ ತುರುಕಿ ಬಿಗಿ ಮಾಡಿದ್ದೆವು, ಇಲ್ಲಿ ಅದಕ್ಕೆ ಪುರಸೊತ್ತೇ ಆಗಲಿಲ್ಲ. ಅವನು ವೇದಿಕೆಗೆ ಹೋದ. ನಾನು ಸೀರೆ ಸುತ್ತಿಕೊಂಡು ಮೈಕಿನ ಹತ್ತಿರ ಬಂದು ನಿಂತೆ.

ನಮ್ಮ ಕಡೆಯ ನಾಟಕಗಳಲ್ಲಿ ಪಾತ್ರ ಮೆಚ್ಚಿಗೆಯಾದರೆ ನೋಡುವವರು ನಡುವೆಯೇ ವೇದಿಕೆಗೆ ಬಂದು ಆಯೇರಿ ಮಾಡುತ್ತಾರೆ, ಅಂದರೆ ಉಡುಗೊರೆ ಕೊಡುತ್ತಾರೆ. ಹೆಣ್ಣಿಗಾದರೆ ಕುಂಕುಮ ಹಚ್ಚಿ ಕುಬಸದ ಖಣ, ಗಂಡಿಗಾದರೆ ತಲೆಗೆ ಪಟಗಾ ಇಲ್ಲವೆ ಟಾವೆಲ್. ನಾಟಕ ನಿಲ್ಲುತ್ತದೆ, ಯಾರಿಂದ ಯಾರಿಗೆ ಎಂದು ಮೈಕಿನಲ್ಲಿ ಕೂಗುತ್ತಾರೆ, ಮತ್ತೆ ಮುಂದೆ ಸಾಗುತ್ತದೆ. ಅವತ್ತೂ ಹಾಡು ಕೇಳಿದ ಮುದುಕಿಯೊಬ್ಬಳು ಬಂದು ಅರಕೇರಿಯ ಹುಡುಗಿಗೆ ಖಣ ಕೊಟ್ಟು ಹೋದಳು. ಹುಡುಗಿಯ ಮುಖ ಅರಳಿತು, ನನಗೂ ಸ್ವಲ್ಪ ಧೈರ್ಯ ಬಂತು.

ಬಂತು ಅನ್ನುವಷ್ಟರಲ್ಲಿ ಅಪ್ಪ ಸಿಟ್ಟಾಗುವ ದೃಶ್ಯ. ಅವನು "ಹೊರಗ ನಡಿ" ಎಂದು ಗರ್ಜಿಸಿ ಕತ್ತು ಹೊರಳಿಸಿದ. ಪಟಗಾ ಹಾರಿ ಮಾಸ್ತರರ ಪೇಟಿಯ ಮೇಲೆ ಬಿತ್ತು. ಪಿನ್ನು ಬಿಚ್ಚಿ, ಜಡೆ ಸರ್ರನೆ ಇಳಿದು ಸೊಂಟಕ್ಕೆ ಬಂತು.

ಹಿಂದಿನಿಂದ ಒಬ್ಬ, "ಏ, ಇದು ಅಂಗನವಾಡಿ ಅಕ್ಕನ ಮಗಳಲ್ಲೇನಲೇ!" ಎಂದು ಕೂಗಿದ. ನಗು ಎದ್ದಿತು. ಮೀಸೆ ಹೊತ್ತ ಆ ಮುಖ ಬೂದಿಯಂತಾಯಿತು. ಅವನ ಕಣ್ಣು ಮುಂದಿನ ಸಾಲಿನಲ್ಲಿತ್ತು. ಅಲ್ಲಿ ಅವನವ್ವ ಎದ್ದು ನಿಂತಿದ್ದಳು. ಚೀಲ ಹಿಡಿದುಕೊಂಡು ಸೀದಾ ಮೆಟ್ಟಿಲ ಕಡೆ ಬಂದಳು.

ಮುಗೀತು, ಎಲ್ಲರೆದುರು ಎಳಕೊಂಡು ಹೋಗುತ್ತಾಳೆ ಎಂದುಕೊಂಡೆ. ಅಡ್ಡ ಹೋಗಬೇಕೋ ಬೇಡವೋ ತಿಳಿಯದೆ ಮೈಕಿನ ಹತ್ತಿರವೇ ಉಳಿದೆ. ಹಿರಿಯಕ್ಕ ಮಾತ್ರ ಅವನ ಪಕ್ಕಕ್ಕೆ ಬಂದು ನಿಂತುಕೊಂಡಳು.

ಅವ್ವ ಅವನ ಎದುರು ನಿಂತು ಚೀಲಕ್ಕೆ ಕೈ ಹಾಕಿದಳು. ಹೊರಬಂದದ್ದು ಮಡಿಕೆ ಮುರಿಯದ ಹೊಸ ಪಟಗಾ, ಗುಲಾಬಿ ಬಣ್ಣದ್ದು.

"ಟಿಕೋಟಾ ಎಷ್ಟ್ ದೂರ ಐತೆಪ್ಪಾ?" ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಮೈಕು ಹತ್ತಿರವಿದ್ದದ್ದರಿಂದ ಊರಿಗೆಲ್ಲ ಕೇಳಿಸಿತು. "ಮಂದಿ ಬಂದು ಹೇಳೂದಿಲ್ಲಂತ ತಿಳಿದೀಯೇನು? ಬಗ್ಗು. ಹಿಂಗ ಸಡ್ಲ ಇಟ್ರ ನಿಂದ್ರತೈತೇನಿದು?"

ಅವನು ಬಗ್ಗಿದ. ಅವಳು ಜಡೆಯನ್ನು ನೆತ್ತಿಯ ಮೇಲೆ ಸುತ್ತಿ, ಅದರ ಮೇಲೆ ಪಟಗಾವನ್ನು ಸುತ್ತಿನ ಮೇಲೆ ಸುತ್ತು ಹಾಕಿ ಬಿಗಿದಳು. ಗಂಡನಿಗೆ ಸುತ್ತಿ ರೂಢಿ ಇತ್ತೇನೋ, ಕೈ ಒಮ್ಮೆಯೂ ತಡವರಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಆಯೇರಿ ಆಯಿತಲ್ಲ, ಕೂಗಬೇಕಾದವಳು ನಾನು. ಯಾರಿಂದ ಯಾರಿಗೆ ಎನ್ನಬೇಕೆಂದು ತಿಳಿಯದೆ ಮೈಕು ಹಿಡಿದುಕೊಂಡು ಅವಳನ್ನೇ ನೋಡಿದೆ.

"ಒದರ್ರಿ ಅಕ್ಕಾರ," ಎಂದಳು. "ಅವ್ವನಿಂದ ಮಗಗ ಅನ್ರಿ."

ಅಂದೆ. ಹೆಂಗೆ ಅಂದೆನೋ ಗೊತ್ತಿಲ್ಲ, ಕೂಗಿದೆನೋ ಅತ್ತೆನೋ. ಮುಂದಿನ ಸಾಲಿನ ಅಂಗನವಾಡಿ ಹೆಂಗಸರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಹಿಂದಿನವರು. ಅವ್ವ ಕೆಳಗಿಳಿದು ತನ್ನ ಜಾಗದಲ್ಲಿ ಕೂತು, "ಹೂಂ, ಆಡ್ರಿ ಮುಂದ, ನಿಂತೀರ್ಯಾಕ?" ಎಂದಳು.

ನಿಂತಲ್ಲಿಂದಲೇ ಶುರುವಾಯಿತು. ಗುಲಾಬಿ ಪಟಗಾದ ಅಪ್ಪ ಎದೆ ಉಬ್ಬಿಸಿ, ಟಿಕೋಟಾದಲ್ಲಿ ಹೇಳಿದ್ದಕ್ಕಿಂತ ಜೋರಾಗಿ, "ನಿನ್ನ ಮಾರಿ ತೋರಸಬ್ಯಾಡ, ಹೊರಗ ನಡಿ!" ಎಂದ. ಅರಕೇರಿಯ ಹುಡುಗಿ ನೆಲಕ್ಕೆ ಕುಸಿದು ಹಾಡು ಎತ್ತುವುದರಲ್ಲಿದ್ದಳು.

"ಸಾಕ್ ಬಿಡೋ!" ಕೆಳಗಿನಿಂದ ಅವನವ್ವನ ದನಿ. "ಆ ಕೂಸಿಗೆ ಎಷ್ಟರ ಬೈತೀ? ಒಳಗ ಕರಕೋ!"

ಭವನವೆಲ್ಲ ಹೋ ಎಂದಿತು. "ಕರಕೋಳೋ, ಕರಕೋ!" ಎಂದು ಆಗ ಹಿಂದಿನಿಂದ ನಗೆ ಎಬ್ಬಿಸಿದ್ದವನೂ ಕೂಗಿದ. ನನ್ನ ನಾಟಕದಲ್ಲಿ ಅಪ್ಪ ಮಗಳನ್ನು ಕರೆದುಕೊಳ್ಳಲು ಇನ್ನೂ ಎರಡು ದೃಶ್ಯ ಬಾಕಿ ಇತ್ತು. ಅವನು ನನ್ನ ಕಡೆ ನೋಡಿದ, ಅವ್ವನ ಕಡೆ ನೋಡಿದ, ಆಮೇಲೆ ಬಾಗಿ ಹುಡುಗಿಯ ಎರಡೂ ಕೈ ಹಿಡಿದು ಎಬ್ಬಿಸಿದ. "ಒಳಗ ಬಾ ಮಗಳ," ಎಂದ.

ಪೇಟಿ ಮಾಸ್ತರರು ಮುಂದೇನು ಎಂದು ನನಗೆ ಹುಬ್ಬು ಹಾರಿಸಿದರು. ಇಲ್ಲಿಗೇ ಮುಗಿಸಿರಿ ಎಂದು ನಾನು ಕೈ ಎತ್ತಿ ಸನ್ನೆ ಮಾಡಿದೆ. ಅವರು ಬಾಯಲ್ಲಿದ್ದ ಎಲೆ ಉಗುಳಿ ಬಂದು ಮಂಗಳದ ಪದ ಎತ್ತಿಕೊಂಡರು.